ಹೇಳಿದ್ದನ್ನಷ್ಟೇ ಬರೆಯಬೇಕು

ಮೊಮ್ಮಗಳು ಬರುತ್ತೇನೆ ಎಂದ ಗಳಿಗೆಯಿಂದ, ಅವಳು ಬರದಿದ್ದರೇ ಚೆನ್ನಾಗಿತ್ತು ಎಂದು ಆಕೆಗೆ ಅನ್ನಿಸತೊಡಗಿತ್ತು. ಮೂರು ವಾರ ಬೆನ್ನು ಬಿದ್ದು ಕೇಳಿದವಳು ತಾನೇ. ಹುಡುಗಿ ಊಟಕ್ಕೆ ಕೂತಾಗ ಕೇಳಿದ್ದಳು, ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವಾಗ ಪಕ್ಕಕ್ಕೆ ಹೋಗಿ ನಿಂತು ಕೇಳಿದ್ದಳು, ಸಾಲದ್ದಕ್ಕೆ ಮಗನ ಬಾಯಲ್ಲೂ ಒಂದು ಮಾತು ಹೇಳಿಸಿ "ಅಪ್ಪನ ಕಡೆಯಿಂದ ಶಿಫಾರಸು ಬೇರೆ ತಂದ್ಯಾ ಅಜ್ಜಿ?" ಎಂದು ನಗಿಸಿಕೊಂಡಿದ್ದಳು. ಕಣ್ಣು ಕಾಣದ ಮಕ್ಕಳ ಪರೀಕ್ಷೆಯಲ್ಲಿ ಜೊತೆಗೆ ಕೂತು, ಅವರು ಬಾಯಲ್ಲಿ ಹೇಳಿದ ಉತ್ತರವನ್ನು ಕಾಗದದ ಮೇಲೆ ಬರೆದುಕೊಡುವ ಕೆಲಸ. ಸಂಬಳವಿಲ್ಲ, ಸನ್ಮಾನವಿಲ್ಲ, ಮೂರು ಗಂಟೆ ಅಲ್ಲಾಡದೆ ಕೂರಬೇಕು, ಸ್ವಂತದ್ದೊಂದು ಮಾತು ಆಡುವ ಹಾಗಿಲ್ಲ. ಹದಿನೆಂಟರ ಹುಡುಗಿಗೆ ಇದರಲ್ಲಿ ರುಚಿ ಹತ್ತುವಂಥದ್ದು ಏನೂ ಇಲ್ಲವೆಂದು ಆಕೆಗೂ ಗೊತ್ತಿತ್ತು. ನಿನ್ನೆ ಸಂಜೆ ಹುಡುಗಿ ಫೋನಿನಿಂದ ತಲೆ ಎತ್ತದೆಯೇ "ಸರಿ, ಬರ್ತೀನಿ. ಒಂದೇ ದಿನ. ಇಷ್ಟ ಆಗ್ಲಿಲ್ಲ ಅಂದ್ರೆ ಮತ್ತೆ ಕೇಳ್ಬಾರ್ದು" ಅಂದಳು. ಆಕೆ ಕೇಳುವುದಿಲ್ಲ ಎಂದು ಮಾತು ಕೊಟ್ಟಳು. ಕೊಟ್ಟ ಮೇಲೆ ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮೊಮ್ಮಗಳು ಅಲ್ಲಿಗೆ ಬಂದರೆ, ಅಲ್ಲಿಯವರು ತನ್ನನ್ನು ಹೊಗಳುವುದನ್ನು ಕೇಳುತ್ತಾಳೆ. ಆ ಹೊಗಳಿಕೆ ಸುಳ್ಳು ಎಂದು ಗೊತ್ತಿರುವುದು ತನ್ನೊಬ್ಬಳಿಗೆ.

ಕೇಳದೆ ಗತಿಯಿರಲಿಲ್ಲ ಎನ್ನುವುದೂ ನಿಜವೇ. ಬಸ್ಸಿನಲ್ಲಿ ಹುಡುಗಿಯನ್ನು ಕಿಟಕಿಯ ಕಡೆ ಕೂರಿಸಿ, ತಾನು ಈಚೆ ಕೂತು, ಆಕೆ ಬಲಗೈ ಹೆಬ್ಬೆರಳಿನ ಬುಡವನ್ನು ಎಡಗೈಯಿಂದ ಒತ್ತಿಕೊಳ್ಳುತ್ತಿದ್ದಳು. ಹೋದ ಪರೀಕ್ಷೆಯಲ್ಲಿ ಎರಡನೆಯ ಗಂಟೆ ಮುಗಿಯುವ ಹೊತ್ತಿಗೆ ಅಲ್ಲಿ ಸೂಜಿ ಚುಚ್ಚಲು ಶುರುವಾಗಿ, ಹೇಳಿ ಬರೆಸುತ್ತಿದ್ದ ಹುಡುಗನಿಗೆ "ಸ್ವಲ್ಪ ನಿಧಾನ, ಮಗು" ಎಂದು ಮೂರು ಸಲ ಹೇಳಬೇಕಾಗಿ ಬಂತು. ಅವನು ಮೂರು ಸಲವೂ "ಸಾರಿ" ಅಂದ. ಓಡದೆ ನಿಂತದ್ದು ಇವಳ ಕೈ, ಕ್ಷಮೆ ಕೇಳಿದವನು ಅವನು. ಕೊನೆಯ ಪ್ರಶ್ನೆ ಅರ್ಧಕ್ಕೆ ನಿಂತಿತು, ಗಂಟೆ ಹೊಡೆಯಿತು, ಹುಡುಗ "ಪರವಾಗಿಲ್ಲ ಆಂಟಿ" ಎಂದು ಮಡಿಸಿಟ್ಟ ಕೋಲು ಬಿಡಿಸಿಕೊಂಡು ಎದ್ದುಹೋದ. ಅವನ ಕೋಲಿನ ಟಕಟಕ ಮೆಟ್ಟಿಲು ಇಳಿದು ಮುಗಿಯುವ ತನಕ ಆಕೆ ಬೆಂಚಿನಿಂದ ಏಳಲಿಲ್ಲ. ತಂಡದ ಉಳಿದ ಕೈಗಳೂ ಇದಕ್ಕಿಂತ ಮೇಲಲ್ಲ. ಒಬ್ಬರಿಗೆ ನಡುಕ, ಒಬ್ಬರಿಗೆ ಕಣ್ಣಿನ ಪೊರೆ, ನಿವೃತ್ತ ಪೋಸ್ಟ್‌ಮಾಸ್ಟರಿಗೆ ಕೂತಲ್ಲೇ ತೂಕಡಿಕೆ. ಸೋಮವಾರದ ಪರೀಕ್ಷೆಗೆ ಒಂಬತ್ತು ಮಕ್ಕಳಿದ್ದಾರೆ, ಬರೆಯುವವರು ಐದೇ ಜನ. "ಹುಡುಗರನ್ನ ಕರ್ಕೊಂಡು ಬನ್ನಿ" ಎಂದು ತಂಡ ನಡೆಸುವ ಪಟ್ಟಿ ಮೇಡಂ ಎಲ್ಲರಿಗೂ ಹೇಳಿದ್ದಳು. "ಈಗಿನ ಹುಡುಗ್ರು ಎಲ್ಲಿ ಬರ್ತಾರೆ?" ಎಂದು ಪೋಸ್ಟ್‌ಮಾಸ್ಟರು ರಾಗ ಎಳೆದದ್ದಕ್ಕೆ, "ಕರೆದ್ರೆ ಬರ್ತಾರೆ ಸಾರ್. ನಾವು ಬೈತೀವಿ, ಕರೆಯಲ್ಲ" ಅಂದಿದ್ದಳು.

"ಅಜ್ಜಿ, ಕೈ ನೋಯ್ತಿದ್ಯಾ?" ಎಂದಳು ಮೊಮ್ಮಗಳು. ಇಲ್ಲ ಎಂದು ಆಕೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಈ ಕೈಯ ಬಗ್ಗೆ ಆಕೆಗೆ ಒಂದು ಕಾಲದಲ್ಲಿ ಎಂಥ ಜಂಬವಿತ್ತು. ಮೂವತ್ತನಾಲ್ಕು ವರ್ಷ ಸ್ಟೆನೋ ಆಗಿದ್ದ ಕೈ. ಅಧಿಕಾರಿಗಳು ಕೋಣೆಯಲ್ಲಿ ಆಚೆಯಿಂದ ಈಚೆಗೆ ಓಡಾಡುತ್ತ ಒಂದು ವಾಕ್ಯ ಶುರು ಮಾಡುವರು, ಅದು ಎಲ್ಲಿಗೆ ಹೋಗಿ ಮುಟ್ಟಬೇಕೆಂದು ಅವರಿಗೇ ತಿಳಿಯದೆ ಕಿಟಕಿಯ ಹತ್ತಿರ ನಿಂತುಬಿಡುವರು. ಆಕೆ ಅದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಟೈಪು ಮಾಡುವಾಗ ಬಾಲ ಕತ್ತರಿಸಿ, ತಲೆ ನೇರ ಮಾಡಿ, ಮರೆತ ತಾರೀಕು ಸೇರಿಸಿ, ತಪ್ಪಿದ ಊರಿನ ಹೆಸರು ತಿದ್ದಿ, ಎದುರಿಗೆ ತಂದಿಡುವಳು. ಅವರು ಓದುವ ಶಾಸ್ತ್ರ ಮಾಡಿ ರುಜು ಹಾಕುವರು. ತಿದ್ದಿದ್ದೇನೆ ಎಂದು ಹೇಳುವ ಹಾಗಿಲ್ಲ, ಹೇಳದೆಯೇ ತಿದ್ದುವುದು ಆ ಕೆಲಸದ ಮರ್ಯಾದೆ. ಒಬ್ಬ ಅಧಿಕಾರಿಯಂತೂ ಬೀಳ್ಕೊಡುಗೆಯ ದಿನ "ಇವರು ಇರೋ ತನಕ ನಾನು ಬುದ್ಧಿವಂತ" ಎಂದು ಎಲ್ಲರೆದುರು ಹೇಳಿದ್ದರು. ಮನೆಗೆ ಬಂದು ಆಕೆ ಆ ಮಾತನ್ನು ಗಂಡನಿಗೆ ಎರಡು ಸಲ ಹೇಳಿದ್ದಳು. ಪಾಪ, ಗಂಡ ಎರಡು ಸಲವೂ ಮೊದಲ ಸಲ ಕೇಳಿದವರ ಹಾಗೆ ಕೇಳಿದ್ದರು.

ಹನ್ನೆರಡು ವರ್ಷದ ಹಿಂದಿನ ಮಾತು. ನಿವೃತ್ತಳಾಗಿ ಆರು ತಿಂಗಳಾಗಿತ್ತು, ಅದು ಆಕೆ ಬರೆದ ಎರಡನೆಯ ಪರೀಕ್ಷೆ. ಯಾವುದೋ ಶಾಲೆಯ ವಿಜ್ಞಾನದ ಕೋಣೆ, ಗೋಡೆಯುದ್ದಕ್ಕೂ ನೀರಿನ ತೊಟ್ಟಿಗಳು, ಒಂದು ನಲ್ಲಿ ಸರಿಯಾಗಿ ನಿಲ್ಲದೆ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಹದಿನೆಂಟರ ಒಂದು ಹುಡುಗಿ, ಹುಟ್ಟಿನಿಂದ ಕಣ್ಣಿಲ್ಲದವಳು, ಎರಡು ಜಡೆ, ಬೆರಳುಗಳಿಂದ ಮೇಜಿನ ಅಂಚು ಹಿಡಿದುಕೊಂಡು ಕೂತಿದ್ದಳು. ಇವಳು ಪ್ರಶ್ನೆ ಓದುವಳು, ಹುಡುಗಿ ಒಂದು ಕ್ಷಣ ಸುಮ್ಮನಿದ್ದು ಉತ್ತರ ಶುರು ಮಾಡಿದರೆ, ಆಹಾ, ಅದು ಕಡೆಯ ಚುಕ್ಕೆಯವರೆಗೆ ಸರಾಗ. ಮೂವತ್ತನಾಲ್ಕು ವರ್ಷದಲ್ಲಿ ಅಂಥ ಬಾಯಿ ಒಂದೂ ಸಿಕ್ಕಿರಲಿಲ್ಲ. ಹುಡುಗಿಯ ಮೇಲೆ ಅಕ್ಕರೆ ಉಕ್ಕಿತು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಯಾವಾಗ, ಋತುಗಳಿಗೆ ಕಾರಣವೇನು, ವಿವರಿಸಿ, ಐದು ಅಂಕ. ಹುಡುಗಿ ಜನವರಿ ತಿಂಗಳ ಮೊದಲ ವಾರದಲ್ಲಿ ಎಂದಳು. ಇವಳ ಪೆನ್ನು ನಿಂತಿತು. ಜನವರಿಯಲ್ಲಿ ಹಲ್ಲು ಕಟಕಟ ಅನ್ನುವ ಚಳಿ, ಸೂರ್ಯ ಹತ್ತಿರ ಬಂದರೆ ಬೇಸಿಗೆಯಲ್ಲವೇ ಆಗಬೇಕು? ಗಾಬರಿಯಲ್ಲಿ ಬಾಯಿ ತಪ್ಪಿದೆ, ಪಾಪ. ಹುಡುಗಿ ಮುಂದಿನ ಮಾತು ಹೇಳುತ್ತಲೇ ಇದ್ದಳು, ಆಗ ನಮಗೆ ಚಳಿಗಾಲ, ಆದರೆ ಚಳಿ ಸೆಕೆಗಳು ದೂರದಿಂದ ಬರುವುದಲ್ಲ, ಇತ್ಯಾದಿ. ಒಂದು ತಪ್ಪು ಮುಚ್ಚುವುದಕ್ಕೆ ಇನ್ನೊಂದು ಹೆಣೆಯುತ್ತಿದ್ದಾಳೆ ಎಂದುಕೊಂಡು ಇವಳು, ಹಗಲು ಅತಿ ಉದ್ದವಿರುವ ತಿಂಗಳೇ ಸರಿಯೆಂದು, ಜೂನ್ ಎಂದು ಬರೆದಳು. ಜೂನಿಗೆ ಒಪ್ಪುವ ಹಾಗೆ ಕೆಳಗಿನ ಎರಡು ವಾಕ್ಯವನ್ನೂ ನೇರ ಮಾಡಿದಳು. ಬರೆದು ಮುಗಿಸಿದಾಗ ಒಳಗೆ ಎಂಥ ತೃಪ್ತಿ. ಮಗುವಿನ ಮೂಗಿಗೆ ಅಂಟಿದ್ದನ್ನು ಯಾರಿಗೂ ಕಾಣದಂತೆ ಒರೆಸಿದ ತಾಯಿಯ ತೃಪ್ತಿ ಅದು.

ಅಷ್ಟಕ್ಕೇ ಮುಗಿದಿದ್ದರೆ ಮೂರ್ಖತನ ಎಂದಾದರೂ ಕರೆಯಬಹುದಿತ್ತು. ಹುಡುಗಿ "ಆ ಉತ್ತರ ಒಂದ್ಸಲ ಓದ್ತೀರಾ ಅಮ್ಮ?" ಎಂದು ಕೇಳಿದಳು. ಇವಳು ಓದಿದಳು. ಕಾಗದದ ಮೇಲಿದ್ದದ್ದನ್ನಲ್ಲ, ಹುಡುಗಿ ಹೇಳಿದ್ದನ್ನು. ಸ್ಟೆನೋ ನೆನಪು, ಒಂದಕ್ಷರ ಬಿಡದೆ ಜನವರಿ ಎಂದೇ ಓದಿದಳು. ಪರೀಕ್ಷೆಯ ನಡುವೆ ಹುಡುಗಿಯ ಧೈರ್ಯ ಕೆಡಬಾರದು ಎಂದು ಹಾಗೆ ಮಾಡಿದೆ ಎಂದು ಆಗ ತನಗೆ ತಾನೇ ಹೇಳಿಕೊಂಡಿದ್ದಳು. "ಸರಿಯಾಗಿದೆ" ಎಂದು ಹುಡುಗಿ ಮುಖ ಅರಳಿಸಿದಳು. ಆ ಅರಳಿದ ಮುಖ ಎಷ್ಟೋ ವರ್ಷ ಇವಳ ಸಿಹಿ ನೆನಪುಗಳಲ್ಲಿ ಒಂದಾಗಿತ್ತು. ಆಮೇಲೆ ಅದೇ ಮುಖ ತುತ್ತು ಬಾಯಿಗಿಡುವಾಗ, ಹಾಲು ಕಾಯಿಸುವಾಗ ಎದುರು ಬಂದು ನಿಲ್ಲತೊಡಗಿತು.

"ಸ್ಟಾಪ್ ಬಂತಲ್ವಾ ಅಜ್ಜಿ?" ಬಂದಿತ್ತು. ಇಳಿದು, ರಸ್ತೆ ದಾಟಿ, ಗ್ರಂಥಾಲಯದ ಕಟ್ಟಡದ ಪಕ್ಕದ ಮೆಟ್ಟಿಲು ಹತ್ತುವಾಗ ಹುಡುಗಿ ಮುಂದೆ ಮುಂದೆ ಹೋದಳು. ಅವಳ ಹಿಮ್ಮಡಿ ನೋಡುತ್ತ ಆಕೆ ಹಿಂದೆ ಹತ್ತಿದಳು. ಸತ್ಯ ಹೊರಬಿದ್ದದ್ದೂ ಈ ಮೊಮ್ಮಗಳಿಂದಲೇ. ಐದು ವರ್ಷದ ಹಿಂದೆ, ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಗಟ್ಟಿಯಾಗಿ ಓದುತ್ತಿದ್ದಳು, ಭೂಮಿಯು ಜನವರಿ ತಿಂಗಳ ಮೊದಲ ವಾರದಲ್ಲಿ ಸೂರ್ಯನಿಗೆ ಅತ್ಯಂತ ಸಮೀಪದಲ್ಲಿರುತ್ತದೆ. ಆಕೆ ಕೈಯಲ್ಲಿದ್ದ ಬಟ್ಟೆ ಮಡಿಸುವುದು ಬಿಟ್ಟು "ತಪ್ಪು ಓದ್ತಿದ್ದೀಯ" ಅಂದಳು. ಹುಡುಗಿ ಪುಸ್ತಕ ತಿರುಗಿಸಿ ತೋರಿಸಿದಳು. "ಹಾಗಾದ್ರೆ ಪುಸ್ತಕವೇ ತಪ್ಪು" ಅಂದಳು ಆಕೆ. "ಪುಸ್ತಕಾನೂ ತಿದ್ತೀಯಾ ಅಜ್ಜಿ?" ಎಂದು ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾರನೆಯ ದಿನ ಆಕೆ ಇದೇ ಗ್ರಂಥಾಲಯಕ್ಕೆ ಬಂದು, ಕೆಳಗಿನ ಓದುವ ಕೋಣೆಯಲ್ಲಿ ನಾಲ್ಕು ದಪ್ಪ ಪುಸ್ತಕ ತೆರೆಸಿ ನೋಡಿದಳು. ನಾಲ್ಕೂ ಜನವರಿ ಎಂದವು. ಸಮೀಪದಲ್ಲಿರುವಾಗಿನ ದೂರ ಹದಿನಾಲ್ಕು ಕೋಟಿ ಎಪ್ಪತ್ತು ಲಕ್ಷ ಕಿಲೋಮೀಟರ್. ಪರೀಕ್ಷೆಯ ಹುಡುಗಿ ಅಂದು ಅದನ್ನೂ ಹೇಳಿದ್ದಳು, ಆಕೆ ಅದನ್ನು ಮಾತ್ರ ಹೇಳಿದ ಹಾಗೇ ಬರೆದಿದ್ದಳು. ತನಗೆ ಗೊತ್ತಿಲ್ಲದ್ದನ್ನು ತಿದ್ದಲು ಹೋಗಿರಲಿಲ್ಲ, ಗೊತ್ತಿದೆ ಎಂದುಕೊಂಡದ್ದನ್ನು ತಿದ್ದಿದ್ದಳು.

ಆ ಎರಡು ಜಡೆಯ ಹುಡುಗಿಯೇ ಈಗ ಪಟ್ಟಿ ಮೇಡಂ. ಬರೆಯುವವರ ಹೆಸರು, ಫೋನು, ಯಾರಿಗೆ ಯಾವ ವಾರ ಬಿಡುವು, ಯಾರ ಅಕ್ಷರ ದುಂಡು, ಎಲ್ಲ ತಲೆಯಲ್ಲೇ ಇಟ್ಟುಕೊಂಡಿರುವುದರಿಂದ ಆ ಹೆಸರು. ಮೂವತ್ತು ವರ್ಷ, ಜಡೆ ಕತ್ತರಿಸಿ ಭುಜದ ಮೇಲೆ ಕೂದಲು ಬಿಟ್ಟಿದ್ದಾಳೆ, ಒಂದು ಆಸ್ಪತ್ರೆಯಲ್ಲಿ ಫೋನು ತೆಗೆಯುವ ಕೆಲಸ, ಭಾನುವಾರಗಳೆಲ್ಲ ಇಲ್ಲಿ. ಅವಳಿಗೆ ಆಗಬೇಕಿದ್ದದ್ದು ಭೂಗೋಳದ ಟೀಚರು. ಆ ವರ್ಷ ಟೀಚರ್ ತರಬೇತಿಯ ಸೀಟು ಎರಡೇ ಎರಡು ಅಂಕದಲ್ಲಿ ಕೈ ತಪ್ಪಿತು. ಇದನ್ನು ಅವಳು ತಮಾಷೆ ಮಾಡಿಕೊಂಡೇ ಹೇಳುವಳು. "ಎಲ್ಲಾ ವಿಷಯ ಕೈ ಹಿಡಿದ್ವು, ನಾನು ನೆಚ್ಚಿಕೊಂಡಿದ್ದ ಭೂಗೋಳವೇ ಕೈ ಕೊಡ್ತು. ನಂಗೆ ಬರತ್ತೆ ಅನ್ನೋ ಅಹಂಕಾರ ಇತ್ತು ನೋಡಿ, ಇಳೀತು." ಕೇಳಿದವರು ನಗುವರು. ಆಕೆಯೂ ನಗುತ್ತಿದ್ದಳು. ಐದು ವರ್ಷದಿಂದ ನಕ್ಕಾಗಲೆಲ್ಲ ನೀರು ಕೇಳಿ ಕುಡಿಯುವಳು. ಹೇಳಿಬಿಡಬೇಕೆಂದು ಎರಡು ಮೂರು ಸಲ ಬೇಗನೆ ಬಂದದ್ದೂ ಉಂಟು. ಹೆಜ್ಜೆ ಸದ್ದಿನಿಂದಲೇ ಗುರುತು ಹಿಡಿದು ಅವಳು "ಬನ್ನಿ ಅಮ್ಮ" ಎಂದು ಕೈ ಚಾಚಿದರೆ, ಆ ಕೈ ಹಿಡಿದುಕೊಂಡ ಮೇಲೆ ಹೇಳಲು ಧೈರ್ಯ ಎಲ್ಲಿಂದ ಬರಬೇಕು.

ಮೇಲಿನ ಕೋಣೆ ಇಂದು ತುಂಬಿತ್ತು. ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಕೆಲವರು ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದರು. ಹನ್ನೊಂದು ಜನ ಹೊಸಬರು, ಎಲ್ಲರೂ ಇಪ್ಪತ್ತರ ಈಚೆಗೆ. ಅಷ್ಟು ಎಳೆಯ ಕೈಗಳನ್ನು ಒಟ್ಟಿಗೆ ನೋಡಿ ಆಕೆಗೆ ತನ್ನ ಸಂಕಟದ ನಡುವೆಯೂ ಸಂತೋಷವಾಯಿತು. ಪೋಸ್ಟ್‌ಮಾಸ್ಟರು ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಬಿಸ್ಕತ್ತಿನ ತಟ್ಟೆ ಹಿಡಿದು ಸಾಲಿನಿಂದ ಸಾಲಿಗೆ ಓಡಾಡುತ್ತಿದ್ದರು, ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರ ಹಾಗೆ. "ಒಂದು ತಗೊಂಡ್ರೆ ಒಂದು ಪರೀಕ್ಷೆ, ಎರಡು ತಗೊಂಡ್ರೆ ಎರಡು" ಎಂದು ಹೆದರಿಸುತ್ತಲೂ ಇದ್ದರು. ಮೊಮ್ಮಗಳು ಮೂರು ತೆಗೆದುಕೊಂಡು ನಗಾಡಿದಳು. ಪಟ್ಟಿ ಮೇಡಂ ಮೆಟ್ಟಿಲಿನ ಸದ್ದಿಗೆ ತಿರುಗಿ "ಬನ್ನಿ ಅಮ್ಮ. ಜೊತೆಗೆ ಯಾರೋ ಇದಾರಲ್ಲ, ಹೆಜ್ಜೆ ಹಗುರ ಇದೆ" ಅಂದಳು. ಮೊಮ್ಮಗಳು ಎಂದು ತಿಳಿದ ಮೇಲೆ ಅವಳ ಮುಖ ಪೂರ್ತಿ ಬೆಳಗಿತು. "ಇವರು ನಂಗೆ ಬರೆದವರು" ಎಂದು ಕೋಣೆಗೆಲ್ಲ ಕೇಳುವಂತೆ ಹೇಳಿ, ಹೊಸಬರಿಗೆ ನಾಲ್ಕು ಮಾತು ನೀವೇ ಹೇಳಬೇಕು ಎಂದು ಆಕೆಯನ್ನು ಮುಂದಕ್ಕೆ ನಿಲ್ಲಿಸಿದಳು.

ಆಕೆ ಹೇಳಿದಳು. ಮೂವತ್ತು ಸಲ ಹೇಳಿದ ಮಾತು, ನಾಲಿಗೆಗೆ ಬಾಯಿಪಾಠ. ಹೇಳಿದ್ದನ್ನಷ್ಟೇ ಬರೆಯಬೇಕು. ಒಂದು ಚುಕ್ಕೆಯೂ ನಿಮ್ಮದಾಗಿರಬಾರದು. ಓದಿ ಅಂದರೆ ಬರೆದದ್ದನ್ನು ಓದಬೇಕು. ಹಿಂದಿನ ಸಾಲಿನಲ್ಲಿ ಯಾರೋ ಸಣ್ಣಗೆ ನಕ್ಕರು, ತನ್ನನ್ನು ನೋಡಿಯೇ ನಕ್ಕರೆಂದು ಆಕೆಗೆ ಅನ್ನಿಸಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಅವಸ್ಥೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಮಾತು ಮುಗಿಸಿ ಕೂತಳು. ಎರಡನೆಯ ಸಾಲಿನಿಂದ ಮೊಮ್ಮಗಳು ತನ್ನನ್ನೇ ನೋಡುತ್ತಿದ್ದಳು, ಫೋನು ಕೆಳಗಿಟ್ಟು. ಮನೆಯಲ್ಲಿ ಎಂದೂ ಹಾಗೆ ನೋಡಿದವಳಲ್ಲ. ಆ ನೋಟ ಆಕೆಗೆ ಬೇಕಿತ್ತು, ಬಹಳ ಬೇಕಿತ್ತು. ಅದಕ್ಕೇ ಸುಡುತ್ತಿತ್ತು.

ಆಮೇಲೆ ಅಭ್ಯಾಸ. ಪಟ್ಟಿ ಮೇಡಂ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಉತ್ತರ ಹೇಳುವಳು, ಅವರು ಬರೆದು ಓದಬೇಕು. ಅವಳ ಪರಿ ಆಕೆಗೆ ಗೊತ್ತು, ಐದು ಉತ್ತರದಲ್ಲಿ ಒಂದು ಬೇಕೆಂದೇ ತಪ್ಪು ಹೇಳುತ್ತಾಳೆ. ಮೊಮ್ಮಗಳ ಸರದಿ ಬಂತು. ಬೆನ್ನು ನೆಟ್ಟಗೆ ಮಾಡಿಕೊಂಡು, ಕೂದಲು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಚೆನ್ನಾಗಿಯೇ ಬರೆಯುತ್ತಿದ್ದಳು. ನಾಲ್ಕನೆಯದು ಜೇಡದ ಬಗ್ಗೆ. ಜೇಡಕ್ಕೆ ಆರು ಕಾಲುಗಳಿವೆ, ಎಂದಳು ಪಟ್ಟಿ ಮೇಡಂ, ಮುಖದಲ್ಲಿ ಏನನ್ನೂ ತೋರಿಸದೆ. ಹುಡುಗಿಯ ಪೆನ್ನು ನಿಂತಿತು. ದೂರದಿಂದ ಆಕೆ ಆ ನಿಂತ ಪೆನ್ನನ್ನು ನೋಡಿದಳು. ಅದು ಎಷ್ಟು ಹೊತ್ತು ನಿಲ್ಲುತ್ತದೆ, ನಿಂತಾಗ ಒಳಗೆ ಏನು ನಡೆಯುತ್ತದೆ, ಈ ಕೋಣೆಯಲ್ಲಿ ತನ್ನಷ್ಟು ಬಲ್ಲವರು ಯಾರೂ ಇರಲಿಲ್ಲ. ಬೇಡ ಎಂದು ಮನಸ್ಸಿನಲ್ಲೇ ಅಂದಳು. ಪೆನ್ನು ಚಲಿಸಿತು.

"ಓದು" ಎಂದಳು ಪಟ್ಟಿ ಮೇಡಂ.

"ಜೇಡಕ್ಕೆ ಎಂಟು ಕಾಲುಗಳಿವೆ."

ಸುತ್ತ ನಗು ಎದ್ದಿತು. ನೂಲಿನಂತೆ ಸೀರೆ. ಆದರೆ ಹುಡುಗಿ ಬರೆದದ್ದನ್ನೇ ಓದಿದ್ದಳು, ತಾನು ಅಷ್ಟನ್ನೂ ಮಾಡಿರಲಿಲ್ಲ ಎಂಬುದು ಆಕೆಗೆ ಆ ನಗುವಿನ ನಡುವೆಯೇ ಹೊಳೆಯಿತು.

"ನಾನು ಆರು ಅಂದೆ" ಎಂದಳು ಪಟ್ಟಿ ಮೇಡಂ.

"ಎಂಟು ಮೇಡಂ, ನಿಜವಾಗ್ಲೂ. ನೀವು ಬಾಯಿ ತಪ್ಪಿ ಹೇಳಿದ್ರಿ ಅಂದ್ಕೊಂಡೆ."

"ಬಾಯಿ ತಪ್ಪಿದ್ರೂ ನಂದೇ ಬಾಯಿ ಅಲ್ವಾ?"

"ಗೊತ್ತಿದ್ದೂ ಸುಮ್ನೆ ತಪ್ಪು ಬರೀಬೇಕಾ? ಸಹಾಯ ಮಾಡೋಕೆ ತಾನೆ ನಾವು ಬಂದಿರೋದು?" ಹುಡುಗಿಯ ದನಿ ಏರಿತು. ನಗು ಇನ್ನೂ ನಿಂತಿರಲಿಲ್ಲ. ಅವಳ ಕಿವಿ ಕೆಂಪಾಗಿದ್ದು ಆಕೆಗೆ ಕಂಡಿತು, ಚಿಕ್ಕವಳಿದ್ದಾಗಲೂ ಅಳುವ ಮೊದಲು ಹೀಗೆಯೇ ಕಿವಿಯಿಂದ ಶುರುವಾಗುತ್ತಿತ್ತು. ಹುಡುಗಿ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟು ಎದ್ದಳು. "ನಂಗೆ ಇದು ಆಗಲ್ಲ ಮೇಡಂ. ಅಜ್ಜಿ, ನೀನು ಮುಗಿಸ್ಕೊಂಡು ಬಾ, ನಾನು ಕೆಳಗಿರ್ತೀನಿ."

ಪಟ್ಟಿ ಮೇಡಂಗೆ ಕುರ್ಚಿ ಸರಿದ ಸದ್ದಿನಿಂದಲೇ ಎಲ್ಲ ತಿಳಿಯಿತು. ಸೋಮವಾರಕ್ಕೆ ನಾಲ್ಕು ಕೈ ಕಡಿಮೆಯಿದ್ದವಳು, ಹೊಸಬರಲ್ಲಿ ಎಷ್ಟು ಜನ ನಿಲ್ಲುವರೋ ತಿಳಿಯದವಳು ಅವಳು, ಒಂದು ಕೈ ಎದ್ದು ಹೋಗುವುದನ್ನು ತಡೆಯಲು ತನ್ನ ಹತ್ತಿರ ಇದ್ದ ಅತಿ ಒಳ್ಳೆಯ ಮಾತನ್ನೇ ಆಡಿದಳು. "ನಿಲ್ಲು ಪುಟ್ಟಿ. ಮೊದಲ ದಿನ ಎಲ್ರೂ ತಿದ್ತಾರೆ. ಆಮೇಲೆ ಕೈ ಪಳಗತ್ತೆ. ನಿಮ್ಮಜ್ಜಿ ನನ್ನ ಪರೀಕ್ಷೇಲಿ ಒಂದಕ್ಷರ ಆಚೀಚೆ ಮಾಡಿದವರಲ್ಲ. ಅಂಥವರ ಮೊಮ್ಮಗಳು ನೀನು."

"ಅಜ್ಜಿ ಥರ ಎಲ್ರೂ ಇರೋಕಾಗಲ್ಲ ಮೇಡಂ" ಎಂದು ಹುಡುಗಿ ಬಾಗಿಲ ಕಡೆ ನಡೆದಳು.

ಒಂದು ಹೆಜ್ಜೆ, ಎರಡು ಹೆಜ್ಜೆ. ಸುಮ್ಮನಿದ್ದರೆ ಏನಾಗುತ್ತದೆಂದು ಆಕೆ ಸ್ಪಷ್ಟವಾಗಿ ನೋಡಿದಳು. ಹುಡುಗಿ ಮತ್ತೆ ಬರುವುದಿಲ್ಲ, ತಾನು ಮತ್ತೆ ಕೇಳುವ ಹಾಗಿಲ್ಲ. ತನ್ನ ಹೆಸರು ಮಾತ್ರ ಚೆನ್ನಾಗಿ ಉಳಿಯುತ್ತದೆ, ಈ ಕೋಣೆಯಲ್ಲೂ ಆ ಮನೆಯಲ್ಲೂ. ಇಲ್ಲದ ಅಜ್ಜಿಯೊಬ್ಬಳ ಪಕ್ಕದಲ್ಲಿ ನಿಲ್ಲಿಸಿ ಅಳೆದು, ತಾನು ಗಿಡ್ಡ ಎಂದು ನಂಬಿಕೊಂಡು ಹುಡುಗಿ ಮೆಟ್ಟಿಲಿಳಿಯುತ್ತಾಳೆ. ಇನ್ನೊಬ್ಬಳೂ ಹಾಗೆಯೇ ನಂಬಿಕೊಂಡು ಹನ್ನೆರಡು ವರ್ಷದಿಂದ ಆಸ್ಪತ್ರೆಯಲ್ಲಿ ಫೋನು ಎತ್ತುತ್ತಿದ್ದಾಳೆ. ಎದ್ದು ನಿಂತದ್ದು ಆಕೆಗೇ ಗೊತ್ತಾಗಲಿಲ್ಲ, ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದಳು.

"ನಾನು ತಿದ್ದಿದೆ" ಎಂದಳು. ದನಿ ಸಣ್ಣದಾಗಿ ಬಂತು, ಮತ್ತೆ ಹೇಳಬೇಕಾಯಿತು. "ನಿನ್ನ ಪರೀಕ್ಷೇಲಿ ನಾನು ತಿದ್ದಿದೆ ಕಣಮ್ಮ. ಭೂಗೋಳದಲ್ಲಿ."

ತೂಕಡಿಸುತ್ತಿದ್ದ ಪೋಸ್ಟ್‌ಮಾಸ್ಟರು ನಗು ನಿಂತದ್ದಕ್ಕೇ ಎಚ್ಚರಾಗಿ ಸುತ್ತ ನೋಡಿದರು. ಮೊಮ್ಮಗಳು ಬಾಗಿಲ ಚೌಕಟ್ಟಿನಲ್ಲಿ ತಿರುಗಿ ನಿಂತಳು. ಪಟ್ಟಿ ಮೇಡಂ ತಲೆಯನ್ನು ಸ್ವಲ್ಪ ಓರೆ ಮಾಡಿಕೊಂಡು, ದೂರದ ಸದ್ದು ಕೇಳುವಾಗ ಕೂರುವ ಹಾಗೆ ಕೂತಿದ್ದಳು.

"ಯಾವ ಪ್ರಶ್ನೆ?"

"ಭೂಮಿ ಸೂರ್ಯನಿಗೆ ಹತ್ತಿರ ಬರೋದು. ನೀನು ಜನವರಿ ಅಂದೆ. ನಂಗೆ ಅದು ತಪ್ಪು ಅನ್ನಿಸ್ತು. ಜೂನ್ ಅಂತ ಬರೆದೆ. ಕಾರಣಾನೂ ಬದಲಾಯಿಸಿದೆ."

"ನಾನು ಓದಿ ಅಂದಿದ್ದೆ."

"ನೀನು ಹೇಳಿದ್ದನ್ನೇ ಓದಿದೆ. ಬರೆದಿದ್ದನ್ನ ಓದ್ಲಿಲ್ಲ."

"ಬೇಕೂಂತಾ?"

"ಬೇಕೂಂತಲೇ."

ಇನ್ನು ಹೇಳುವುದು ಏನೂ ಇರಲಿಲ್ಲ, ಆದರೂ ಬಾಯಿ ನಿಲ್ಲಲಿಲ್ಲ. ಐದು ವರ್ಷದಿಂದ ಗೊತ್ತಿತ್ತು, ಹೇಳೋಕೆ ಹೆದರಿಕೆ ಆಯ್ತು, ನೀನು ಕೈ ಹಿಡ್ಕೊಂಡ್ರೆ ಬಿಡಿಸ್ಕೊಳ್ಳೋಕೆ ಮನಸ್ಸಾಗ್ತಿರ್ಲಿಲ್ಲ ಎಂದೆಲ್ಲ ಅಂದಳು. ಪೂರ್ವಾಪರವಿಲ್ಲದೆ ಒಂದರ ಮೇಲೊಂದು ಬಿದ್ದ ವಾಕ್ಯಗಳು, ಬೇರೆಯವರ ಬಾಯಿಂದ ಬಂದಿದ್ದರೆ ಎಂದೋ ನೇರ ಮಾಡುತ್ತಿದ್ದಳು. ಬಾಗಿಲಿನಿಂದ ಮೊಮ್ಮಗಳು "ಆವತ್ತು ಪುಸ್ತಕ ತಪ್ಪು ಅಂದಿದ್ದು ಇದಕ್ಕೇನಾ?" ಎಂದು ಮೆಲ್ಲಗೆ ಕೇಳಿದಳು. ಆಕೆ ಹೂಂ ಎಂದು ತಲೆಯಾಡಿಸಿದಳು. ಹುಡುಗಿಯ ಕಣ್ಣಿನಲ್ಲಿ ಆ ಮೊದಲಿನ ನೋಟ ಇರಲಿಲ್ಲ. ಅದರ ಬದಲು ಬಂದದ್ದು ಏನೆಂದು ಆಕೆಗೆ ಓದಲಾಗಲಿಲ್ಲ. ಓದುವ ಹಕ್ಕೂ ಸದ್ಯಕ್ಕೆ ತನಗಿಲ್ಲವೆಂದು ಕೂತಳು.

ಪಟ್ಟಿ ಮೇಡಂ ಎಷ್ಟೋ ಹೊತ್ತು ಮೇಜಿನ ಅಂಚು ಹಿಡಿದುಕೊಂಡಿದ್ದಳು, ಹಿಂದೆ ಆ ವಿಜ್ಞಾನದ ಕೋಣೆಯಲ್ಲಿ ಹಿಡಿದ ಹಾಗೆಯೇ. "ಸೋಮವಾರ ನೀವು ಕೂರೋದು ಬೇಡ ಅಮ್ಮ" ಎಂದಳು ಕೊನೆಗೆ. ಬೇಸರವಿದ್ದ ದನಿ, ಅದನ್ನು ಮುಚ್ಚಿಡುವ ಗೋಜಿಗೆ ಅವಳು ಹೋಗಲಿಲ್ಲ. "ಪರೀಕ್ಷೇಲಿ ತಿದ್ದಿದವರು ಮತ್ತೆ ಕೂರೋ ಹಾಗಿಲ್ಲ. ನಾನೇ ಮಾಡಿದ ನಿಯಮ, ನಿಮಗೊಂದು ಬೇರೆಯವರಿಗೊಂದು ಆಗಲ್ಲ." ಸರಿ ಎಂದಳು ಆಕೆ. ನಿಜವಾಗಿಯೂ ಸರಿ ಅನ್ನಿಸಿತು. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ತನ್ನನ್ನು ತಿದ್ದಿದ್ದರು.

ಆಮೇಲೆ ಪಟ್ಟಿ ಮೇಡಂ ಬಾಗಿಲ ಕಡೆ ಮುಖ ಮಾಡಿದಳು. "ಪುಟ್ಟಿ, ಅಲ್ಲೇ ಇದೀಯಾ?"

"ಇದೀನಿ ಮೇಡಂ."

"ಬಾ, ಕೂತ್ಕೋ. ಬರ್ಕೋ."

ಹುಡುಗಿ ಒಂದು ಗಳಿಗೆ ಅಜ್ಜಿಯನ್ನೂ ಆ ಕುರ್ಚಿಯನ್ನೂ ನೋಡಿದಳು. ಬಂದಳು, ಕೂತಳು, ಪೆನ್ನಿನ ಮುಚ್ಚಳ ತೆಗೆದಳು. ಪಟ್ಟಿ ಮೇಡಂ ಹೇಳತೊಡಗಿದಳು. ಮೊದಲ ವಾಕ್ಯ ತಡವರಿಸಿಕೊಂಡು ಬಂತು, ಎಷ್ಟೋ ಕಾಲ ಬೀಗ ಹಾಕಿದ್ದ ಕೋಣೆಗೆ ಕಾಲಿಡುವವರ ಹಾಗೆ. ಭೂಮಿಯು ಸೂರ್ಯನಿಗೆ ಅತ್ಯಂತ ಹತ್ತಿರ ಬರುವುದು ಜನವರಿ ತಿಂಗಳ ಮೊದಲ ವಾರದಲ್ಲಿ. ಆಗ ಇವೆರಡರ ನಡುವಿನ ದೂರ ಸುಮಾರು ಹದಿನೈದು ಕೋಟಿ ಎಪ್ಪತ್ತು ಲಕ್ಷ ಕಿಲೋಮೀಟರ್. ಕೂತಲ್ಲೇ ಆಕೆ ತಲೆ ಎತ್ತಿದಳು. ಹದಿನಾಲ್ಕು, ಹದಿನೈದಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಆಕೆ ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದುಕೊಂಡಳು. 'ಆದರೂ ಆಗ ನಮಗೆ ಚಳಿಗಾಲ' ಎಂದು ಪಟ್ಟಿ ಮೇಡಂ ಮುಂದುವರಿಸಿದಳು, ಈಗ ದನಿ ಸಲೀಸಾಗಿತ್ತು. 'ಏಕೆಂದರೆ ಚಳಿ ಸೆಕೆಗಳು ದೂರದಿಂದ ಬರುವುದಲ್ಲ, ಭೂಮಿ ತನ್ನ ಅಕ್ಷದ ಮೇಲೆ ಓರೆಯಾಗಿರುವುದರಿಂದ ಬರುತ್ತವೆ.' ಹೇಳುತ್ತ ಹೇಳುತ್ತ ಅವಳ ಕೈ ಮೇಜಿನ ಅಂಚು ಬಿಟ್ಟು ಗಾಳಿಯಲ್ಲಿ ಓರೆಯಾಗಿ ನಿಂತಿತು, ಎದುರಿಗೆ ಒಂದು ತರಗತಿಯೇ ಕೂತಿದೆ ಎನ್ನುವಂತೆ. ಹುಡುಗಿಯ ಪೆನ್ನು ಒಮ್ಮೆಯೂ ನಿಲ್ಲಲಿಲ್ಲ.

"ಓದು."

ಹುಡುಗಿ ಓದಿದಳು. ಬರೆದದ್ದನ್ನೇ ಓದಿದಳು. ಜನವರಿ ಜನವರಿಯಾಗಿಯೇ ಬಂತು. ಹದಿನೈದು ಕೋಟಿ ಎಂಬಲ್ಲಿ ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ಪಟ್ಟಿ ಮೇಡಂ ಕೈ ಎತ್ತಿ ತಡೆದಳು. ಹುಬ್ಬು ಗಂಟಿಕ್ಕಿಕೊಂಡು ಯೋಚಿಸಿದಳು. ಹೇಳದೇ ಇರುವುದು ಎಷ್ಟು ಕಷ್ಟವೆಂದು ಹನ್ನೊಂದು ಹೊಸಬರ ಮುಖದ ಮೇಲೂ ಬರೆದಿತ್ತು. ಪೋಸ್ಟ್‌ಮಾಸ್ಟರು ಬಿಸ್ಕತ್ತನ್ನು ಬಾಯಲ್ಲೇ ಇಟ್ಟುಕೊಂಡು ಅಗಿಯದೆ ಕೂತಿದ್ದರು.

"ಹದಿನೈದಲ್ಲ. ಹದಿನಾಲ್ಕು. ಹದಿನಾಲ್ಕು ಕೋಟಿ ಎಪ್ಪತ್ತು ಲಕ್ಷ. ತಿದ್ದು."

ಹುಡುಗಿ ಹೊಡೆದುಹಾಕಿ ತಿದ್ದಿದಳು. ಕೇಳುವ ಮೊದಲೇ ಮತ್ತೊಮ್ಮೆ ಓದಿದಳು. "ಈಗ ಸರಿಯಿದೆ" ಎಂದಳು ಪಟ್ಟಿ ಮೇಡಂ. "ಸೋಮವಾರ ಎಂಟೂವರೆಗೆ ಬಂದ್ಬಿಡು. ಎರಡು ಪೆನ್ನು ತಾ." ಹುಡುಗಿ "ಹೂಂ ಮೇಡಂ" ಅಂದಳು, ಯಾರ ಒತ್ತಾಯವೂ ಇಲ್ಲದೆ, ಮುಖ ಇನ್ನೂ ಕಾಗದದ ಕಡೆಗೇ.

ಮುಂದಿನ ಸರದಿಯವನು ಎದ್ದು ಬಂದು ನಿಂತಿದ್ದ. ಪಟ್ಟಿ ಮೇಡಂ ಅವನನ್ನು ಕರೆಯಲಿಲ್ಲ. ಮುಖವನ್ನು ಆಕೆ ಕೂತ ಕಡೆಗೆ ತಿರುಗಿಸಿದಳು. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ತುಟಿಯ ಕೊನೆಯಲ್ಲಿ ಇನ್ನೂ ಇತ್ತು. ಆದರೆ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

"ಅಮ್ಮ" ಎಂದಳು. "ಹಾಗಾದ್ರೆ ನಂಗೆ ಬರ್ತಿತ್ತು."

"ಬರ್ತಿತ್ತು ಕಣಮ್ಮ" ಎಂದಳು ಆಕೆ. "ನಿಂಗೆ ಪೂರ್ತಿ ಬರ್ತಿತ್ತು."